ಲೈನಿನ ಕೊನೆಗೆ ಹೋದ ಅಲೆ ವಾಪಸ್ ಬಂದಾಗ: ಶಿವನಸಮುದ್ರದಿಂದ ಕೋಲಾರದವರೆಗೆ

ಇವತ್ತು ಒಂದು ತಂತಿಯ ಕತೆ ಹೇಳ್ತೀನಿ. ಬಸ್ಸಲ್ಲಿ ಇದ್ದರೆ ಕಿಟಕಿ ಆಚೆ ಒಂದು ಸಲ ನೋಡಿ, ಎಲ್ಲೋ ಒಂದು ಕಡೆ ಕರೆಂಟ್ ಲೈನ್ ನಿಮ್ಮ ಜೊತೆಗೇ ಓಡ್ತಾ ಇರುತ್ತೆ. ಕತೆ ಅದರದ್ದೇ.

ನಮ್ಮೂರು ಸೋಮನಹಳ್ಳಿ. ಮದ್ದೂರು ತಾಲ್ಲೂಕು, ಬೆಂಗಳೂರು-ಮೈಸೂರು ರಸ್ತೆ. ಎಸ್.ಎಂ. ಕೃಷ್ಣ ಅವರ ಹೆಸರಿನ ಮೊದಲ ಅಕ್ಷರ ಇದೆಯಲ್ಲ, ‘ಎಸ್’, ಅದು ನಮ್ಮ ಸೋಮನಹಳ್ಳಿಯೇ. ನಾನು ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದುವಾಗ ಊರ ಹೆಸರು ಹೇಳಿದರೆ ಕ್ಲಾಸಿನವರು, “ಓ, 400 ಕೆವಿ ಸ್ಟೇಷನ್ ಇದೆಯಲ್ಲ, ಆ ಊರಾ?” ಅಂತಿದ್ದರು. ಅಲ್ಲ ಸ್ವಾಮಿ, ಅದು ಕನಕಪುರ ರಸ್ತೆಯ ಸೋಮನಹಳ್ಳಿ. ನಮ್ಮ ಸೋಮನಹಳ್ಳಿಯಲ್ಲಿ ಇದ್ದದ್ದು ಕಬ್ಬಿನ ಗದ್ದೆ, ಗದ್ದೆ ಬದುವಿನ ಮೇಲೆ ನಾಲ್ಕಾರು ಕಂಬ, ಕೊನೆಯ ಕಂಬದ ಬುಡದಲ್ಲಿ ನಮ್ಮ ತಾತನ ಬೋರ್‌ವೆಲ್ ಮೋಟರು.

ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಮೇ ತಿಂಗಳ ಸಂಜೆ. ಗುಡುಗು ಶುರುವಾಗಿತ್ತು. ತ್ರೀ ಫೇಸ್ ಕರೆಂಟ್ ಸಿಗ್ತಿದ್ದದ್ದೇ ಕೆಲವು ಗಂಟೆ, ಅದನ್ನ ಬಿಡೋಕೆ ತಾತನಿಗೆ ಮನಸ್ಸಿಲ್ಲ. ಮೋಟರ್ ಆಫ್ ಮಾಡಲಿಲ್ಲ. ದೂರದಲ್ಲಿ, ಟಿಸಿ ಆ ಕಡೆ, ಸಿಡಿಲು ಬಡೀತು. ನಮ್ಮ ಮೋಟರು ಅಲ್ಲೇ ನಿಂತುಹೋಯಿತು. ಕಾಯಿಲ್ ಸುಟ್ಟಿತ್ತು. ಆಶ್ಚರ್ಯ ಏನಂದರೆ, ಸಿಡಿಲು ಬಿದ್ದ ಜಾಗಕ್ಕೆ ನಮಗಿಂತ ಹತ್ತಿರ ಅದೇ ಲೈನಿನಲ್ಲಿ ಇನ್ನೆರಡು ಮೋಟರ್ ಓಡ್ತಾ ಇದ್ದವು. ಅವಕ್ಕೆ ಏನೂ ಆಗಿರಲಿಲ್ಲ. ರಿವೈಂಡಿಂಗ್ ಮಾಡಿಸಿ ಮತ್ತೆ ಇಳಿಸೋ ಹೊತ್ತಿಗೆ ಮೂರು ವಾರ ಆಯಿತು, ಕೂಳೆ ಕಬ್ಬು ಅರ್ಧ ಒಣಗಿತ್ತು.

ತಾತ ಜಗಲಿ ಮೇಲೆ ಕೂತು ಒಂದೇ ಮಾತು ಹೇಳಿದರು: “ನಾಲೇಲಿ ಕೊನೇಲಿರೋನಿಗೆ ನೀರು ಬರಾಕಿಲ್ಲ. ಲೈನಲ್ಲಿ ಕೊನೇಲಿರೋನಿಗೆ ಹೊಡ್ತ ಮಾತ್ರ ಎರಡಷ್ಟು ಬತ್ತದೆ. ಇದ್ಯಾವ ನ್ಯಾಯ ಕಣ್ಲಾ?”

ಮದ್ದೂರು, ಮಳವಳ್ಳಿ ಕಡೆಯವರಿಗೆ ಮೊದಲನೇ ಮಾತು ವಿವರಿಸಬೇಕಾಗಿಲ್ಲ. ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದ ರೈತರ ಗೋಳು ಪೇಪರಿನಲ್ಲಿ ಬರುತ್ತಲೇ ಇರುತ್ತೆ. ಎರಡನೇ ಮಾತು ಮಾತ್ರ ನನ್ನ ತಲೆಯಲ್ಲಿ ಉಳಿದುಬಿಟ್ಟಿತು. “ಎರಡಷ್ಟು” ಅಂತ ತಾತ ಬೇಜಾರಿಗೆ ಹೇಳಿದ್ದರು. ಕಾಲೇಜಿನಲ್ಲಿ ಮೂರನೇ ವರ್ಷ ಲೆಕ್ಕ ಮಾಡಿದಾಗ ಗೊತ್ತಾಯಿತು, ಅದು ಬರೀ ಬೇಜಾರಿನ ಮಾತಲ್ಲ. ಸರಿಯಾದ ಅಂಕಿ.

ಮೊದಲು ಒಂದು ಸಣ್ಣ ಪ್ರಯೋಗ. ದನ ಕಟ್ಟೋ ಹಗ್ಗದ ಒಂದು ತುದಿಯನ್ನ ಕಂಬಕ್ಕೆ ಬಿಗಿಯಾಗಿ ಕಟ್ಟಿ, ಇನ್ನೊಂದು ತುದಿ ಹಿಡಿದು ಒಂದು ಸಲ ಝಾಡಿಸಿ. ಒಂದು ಉಬ್ಬು ಓಡಿಹೋಗಿ ಕಂಬಕ್ಕೆ ಬಡಿದು ವಾಪಸ್ ಬರುತ್ತೆ, ತಲೆಕೆಳಗಾಗಿ. ಈಗ ಆ ತುದಿಯನ್ನ ಕಂಬದ ಮೇಲೆ ಸಲೀಸಾಗಿ ಜಾರೋ ಬಳೆಗೆ ಕಟ್ಟಿ. ಉಬ್ಬು ಹೋಗುತ್ತೆ, ತುದಿ ಎರಡಷ್ಟು ಎತ್ತರಕ್ಕೆ ಹಾರುತ್ತೆ, ಉಬ್ಬು ನೆಟ್ಟಗೇ ವಾಪಸ್ ಬರುತ್ತೆ. ಎರಡೂ ಸಲ ಅಲೆಗೆ ಮುಂದೆ ಹೋಗೋಕೆ ದಾರಿಯಿಲ್ಲ, ಅದಕ್ಕೇ ತಿರುಗಿ ಬಂತು. ತಂತಿಯಲ್ಲಿ ಕರೆಂಟೂ ಹೀಗೇ ನಡೆದುಕೊಳ್ಳುತ್ತೆ. ಇದು ಯಾವಾಗ ಮುಖ್ಯ, ಯಾವಾಗ ಅಲ್ಲ ಅನ್ನೋದು ತಿಳಿಯಬೇಕಾದರೆ ನಮ್ಮದೇ ಜಿಲ್ಲೆಯ ಒಂದು ಹಳೇ ಲೈನಿನ ಹತ್ತಿರ ಹೋಗಬೇಕು.

1902ನೇ ಇಸವಿ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರ. ಕಾವೇರಿ ಅಲ್ಲಿ ಬಂಡೆಗಳ ಮೇಲಿಂದ ಧುಮುಕುತ್ತಾಳೆ. ಆ ನೀರಿನಿಂದ ಕರೆಂಟ್ ತೆಗೆದು ಕೋಲಾರದ ಚಿನ್ನದ ಗಣಿಗೆ ಕಳಿಸಬಹುದು ಅನ್ನೋ ಯೋಜನೆ ಹಿಡಿದು ಓಡಾಡಿದವರು ಮೈಸೂರು ಸಂಸ್ಥಾನದಲ್ಲಿ ಕೆಲಸಕ್ಕಿದ್ದ ಜೋಲಿ ಡಿ ಲಾಟ್‌ಬಿನಿಯರ್ ಅನ್ನೋ ಮಿಲಿಟರಿ ಇಂಜಿನಿಯರ್. ಕೆನಡಾದ ಕ್ವಿಬೆಕ್ ಮೂಲದ ಮನುಷ್ಯ. ಬೆನ್ನಿಗೆ ನಿಂತವರು ದಿವಾನ್ ಕೆ. ಶೇಷಾದ್ರಿ ಅಯ್ಯರ್. ಜನರೇಟರುಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು, ಟರ್ಬೈನುಗಳು ಸ್ವಿಟ್ಜರ್‌ಲೆಂಡಿನ ಎಷರ್ ವಿಸ್ ಕಂಪನಿಯವು. 1902ರ ಜೂನ್ 30ರಂದು ಕರೆಂಟ್ ಹೊರಟಿತು. ಸುಮಾರು 147 ಕಿಲೋಮೀಟರ್ ದೂರ, 35,000 ವೋಲ್ಟ್. ಶೇಷಾದ್ರಿ ಅಯ್ಯರ್ ಅದನ್ನ ನೋಡಲಿಲ್ಲ, ಹಿಂದಿನ ವರ್ಷ ಸೆಪ್ಟೆಂಬರಿನಲ್ಲೇ ತೀರಿಕೊಂಡಿದ್ದರು.

ವಾಟ್ಸಾಪ್‌ನಲ್ಲಿ ಬರೋ ಎರಡು ಮಾತನ್ನ ಇಲ್ಲೇ ಸರಿಮಾಡಿಬಿಡೋಣ. ಶಿವನಸಮುದ್ರ ಭಾರತದ ಮೊದಲ ಜಲವಿದ್ಯುತ್ ಕೇಂದ್ರ ಅಲ್ಲ, ಡಾರ್ಜಿಲಿಂಗ್ ಹತ್ತಿರದ ಸಿದ್ರಾಪಾಂಗ್‌ನಲ್ಲಿ 1897ರಲ್ಲೇ ಸಣ್ಣದೊಂದು ಇತ್ತು. ಪ್ರಪಂಚದ ಅತಿ ಉದ್ದದ ಲೈನೂ ಅಲ್ಲ, ಕ್ಯಾಲಿಫೋರ್ನಿಯಾದಲ್ಲಿ 1901ರಲ್ಲೇ ಇದಕ್ಕಿಂತ ಉದ್ದದ್ದೊಂದು ಓಡ್ತಾ ಇತ್ತು. ಆದರೂ ಆ ಕಾಲದ ಲೆಕ್ಕಕ್ಕೆ ಇದು ದೊಡ್ಡ ಧೈರ್ಯದ ಕೆಲಸ. ಇನ್ನೊಂದು ಮಾತೂ ನಿಜ: ಆ ಕರೆಂಟ್ ಮೊದಲು ಹೋಗಿದ್ದು ಗಣಿಗೆ. ಬೆಂಗಳೂರಿನ ಬೀದಿ ದೀಪಕ್ಕೆ ಬಂದದ್ದು 1905ರ ಆಗಸ್ಟಿನಲ್ಲಿ. ಕರೆಂಟ್ ಹುಟ್ಟಿದ ತಾಲ್ಲೂಕಿನ ಹಳ್ಳಿಗಳು ಎಷ್ಟೋ ವರ್ಷ ಬುಡ್ಡಿ ದೀಪದಲ್ಲೇ ಇದ್ದವು.

ಈಗ ಪ್ರಶ್ನೆ. 147 ಕಿಲೋಮೀಟರ್ ತಂತಿ. ಅದರ ಕೊನೆಯಿಂದ ಅಲೆ ವಾಪಸ್ ಬರಲಿಲ್ವಾ?

ಬಂತು. ಆದರೆ ದಿನನಿತ್ಯದ ಓಟದಲ್ಲಿ ಅದು ತೊಂದರೆ ಕೊಡಲಿಲ್ಲ. ಯಾಕಂದ್ರೆ ಆ ಕರೆಂಟ್ 25 ಹರ್ಟ್ಸ್, ಸೆಕೆಂಡಿಗೆ 25 ಸಲ ಏರಿಳಿಯೋದು. ತಂತಿಯಲ್ಲಿ ಅಲೆ ಓಡೋದು ಹೆಚ್ಚೂಕಡಿಮೆ ಬೆಳಕಿನ ವೇಗದಲ್ಲಿ, ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್. ಅಂದರೆ ಒಂದು ಅಲೆಯ ಉದ್ದ 12,000 ಕಿಲೋಮೀಟರ್. ಅದರ ಮುಂದೆ 147 ಕಿಲೋಮೀಟರ್ ಎಷ್ಟು? 80ರಲ್ಲಿ ಒಂದು ಪಾಲು. ಕೋಲಾರಕ್ಕೆ ಹೋಗಿ ವಾಪಸ್ ಬರೋಕೆ ಅಲೆಗೆ ಸುಮಾರು ಒಂದು ಮಿಲಿಸೆಕೆಂಡ್ ಸಾಕು, ಕರೆಂಟು ಒಂದು ಸುತ್ತು ಏರಿಳಿಯೋಕೆ 40 ಮಿಲಿಸೆಕೆಂಡ್ ಬೇಕು. ಹೋಗಿದ್ದು ಬಂದಿದ್ದು ಎಲ್ಲಾ ಅಷ್ಟರಲ್ಲೇ ಬೆರೆತು ಒಂದಾಗಿಬಿಡುತ್ತೆ. ಕೋಲಾರದ ತುದಿಯನ್ನ ಪೂರ್ತಿ ಖಾಲಿ ಬಿಟ್ಟರೂ ಅಲ್ಲಿ ವೋಲ್ಟೇಜ್ ಏರೋದು ಶೇಕಡಾ ಅರ್ಧಕ್ಕಿಂತ ಕಡಿಮೆ.

ಆದರೆ ಸಿಡಿಲು 25 ಹರ್ಟ್ಸ್ ಅಲ್ಲ. ತಂತಿಗೆ ಸಿಡಿಲು ತಾಗಿದರೆ ಒಂದೆರಡು ಮೈಕ್ರೋಸೆಕೆಂಡಿನಲ್ಲಿ ವೋಲ್ಟೇಜ್ ಶಿಖರಕ್ಕೆ ಏರುತ್ತೆ. ಒಂದು ಮೈಕ್ರೋಸೆಕೆಂಡಿಗೆ ಅಲೆ ಓಡೋದು 300 ಮೀಟರ್. ಸಿಡಿಲಿನ ಪಾಲಿಗೆ ಕೋಲಾರದ ಲೈನ್ ಹಾಗಿರಲಿ, ನಮ್ಮ ಗದ್ದೆ ಬದುವಿನ ಲೈನೂ ಉದ್ದದ ಲೈನೇ. ಕಡಿದಾದ ಆ ಅಲೆ ಓಡಿಹೋಗಿ ಕೊನೆಗೆ ಬಡಿದರೆ, ಹಗ್ಗದ ಬಳೆಯ ತುದಿ ಹಾರಿದ ಹಾಗೆ, ವೋಲ್ಟೇಜ್ ಎರಡರಷ್ಟಾಗುತ್ತೆ. ಟ್ರಾನ್ಸ್‌ಫಾರ್ಮರ್ ಅಥವಾ ಮೋಟರಿನ ಸುರುಳಿ ಇಷ್ಟು ಚುರುಕಾದ ಅಲೆಗೆ ಮುಚ್ಚಿದ ಬಾಗಿಲಿನ ಹಾಗೆ. ಮಧ್ಯದಲ್ಲಿರೋರನ್ನ ಅಲೆ ಒಂದು ಪಾಲಾಗಿ ದಾಟಿಹೋಗುತ್ತೆ, ಕೊನೆಯವನ ಹತ್ತಿರ ಹೋಗೋ ಅಲೆ ಮತ್ತು ವಾಪಸ್ ಹೊರಟ ಅಲೆ ಒಂದರ ಮೇಲೊಂದು ಕೂಡಿಕೊಳ್ಳುತ್ತವೆ. ಎರಡಷ್ಟು!

ಅಲೆ ವಾಪಸ್ ಬರೋಕೆ ಕಾರಣ ಹೇಳೋ ಲೆಕ್ಕ ಬರೆದವನು ಇಂಗ್ಲೆಂಡಿನ ಆಲಿವರ್ ಹೆವಿಸೈಡ್. 16ನೇ ವಯಸ್ಸಿಗೆ ಶಾಲೆ ಬಿಟ್ಟವನು, ಟೆಲಿಗ್ರಾಫ್ ಕಚೇರಿಯಲ್ಲಿ ಕೆಲಸಕ್ಕಿದ್ದವನು. 1874ರಲ್ಲಿ ಆ ಕೆಲಸವನ್ನೂ ಬಿಟ್ಟು ಮನೆಯಲ್ಲಿ ಕೂತು ತಂತಿಯ ಸಮೀಕರಣಗಳನ್ನ ಬಿಡಿಸಿದ. ‘ಇಂಪಿಡೆನ್ಸ್’ ಅನ್ನೋ ಪದ ಕೊಟ್ಟವನೂ ಅವನೇ, 1886ರಲ್ಲಿ. ಅವನ ಲೆಕ್ಕದ ಸಾರ ಇಷ್ಟು: ಪ್ರತಿ ಲೈನಿಗೂ ಅದರದ್ದೇ ಒಂದು ಓಮ್ ಇರುತ್ತೆ. ಇವತ್ತು ಇದಕ್ಕೆ ಸರ್ಜ್ ಇಂಪಿಡೆನ್ಸ್ ಅಂತೀವಿ. ಕಂಬದ ಮೇಲಿನ ಒಂಟಿ ತಂತಿಗೆ ಸುಮಾರು 400 ಓಮ್ ಅಂತ ಇಟ್ಟುಕೊಳ್ಳಿ. ತುದಿಯಲ್ಲಿರೋ ಲೋಡೂ 400 ಓಮ್ ಇದ್ದರೆ ಅಲೆಗೆ ಲೈನು ಮುಗಿದದ್ದೇ ಗೊತ್ತಾಗಲ್ಲ, ಪೂರ್ತಿ ಒಳಗೆ ಹೋಗಿಬಿಡುತ್ತೆ. ಹೆಚ್ಚಿದ್ದರೂ ಕಡಿಮೆ ಇದ್ದರೂ ಒಂದು ಪಾಲು ವಾಪಸ್.

ಇಲ್ಲಿ ನನಗೆ ತುಂಬಾ ದಿನ ಕಾಡಿದ ಒಂದು ಸಂಶಯ ಇತ್ತು. ನಿಮಗೂ ಬಂದಿರಬಹುದು. ವೋಲ್ಟೇಜ್ ಎರಡರಷ್ಟಾದರೆ ಪವರ್ ನಾಲ್ಕರಷ್ಟು ಆಗಬೇಕಲ್ವಾ? ಆ ಹೆಚ್ಚಿನ ಪವರ್ ಎಲ್ಲಿಂದ ಬಂತು? ಹಾಗೇ, ಎರಡು ಅಲೆ ಒಂದನ್ನೊಂದು ಹೊಡೆದುಹಾಕಿ ವೋಲ್ಟೇಜ್ ಸೊನ್ನೆ ಆದ ಜಾಗದಲ್ಲಿ ಪವರ್ ಎಲ್ಲಿಗೆ ಹೋಯಿತು?

ಉತ್ತರ ಕರೆಂಟಿನಲ್ಲಿದೆ. ವೋಲ್ಟೇಜ್ ಕೂಡೋ ಕಡೆ ಕರೆಂಟ್ ಕಳೆಯುತ್ತೆ, ವೋಲ್ಟೇಜ್ ಕಳೆಯೋ ಕಡೆ ಕರೆಂಟ್ ಕೂಡುತ್ತೆ. ಪವರ್ ಅಂದರೆ ಎರಡರ ಗುಣಾಕಾರ. ತುದಿ ಪೂರ್ತಿ ತೆರೆದಿದ್ದರೆ ವೋಲ್ಟೇಜ್ 2, ಕರೆಂಟ್ 0. ಎರಡು ಸೊನ್ನೆಲಿ ಸೊನ್ನೆ. ಒಂದು ವಾಟ್ ಕೂಡ ಅಲ್ಲಿ ಇಳಿಯಲಿಲ್ಲ, ಎಲ್ಲಾ ವಾಪಸ್. ತುದಿ ಶಾರ್ಟ್ ಆಗಿದ್ದರೆ ವೋಲ್ಟೇಜ್ 0, ಕರೆಂಟ್ 2. ಮತ್ತೆ ಸೊನ್ನೆ.

400 ಓಮ್ ಲೈನಿಗೆ 1,200 ಓಮ್ ಲೋಡ್ ಹಾಕಿ ನೋಡಿ. 1,200ರಲ್ಲಿ 400 ಕಳೆದರೆ 800, ಕೂಡಿದರೆ 1,600. ಎಂಟುನೂರನ್ನ ಸಾವಿರದ ಆರುನೂರರಿಂದ ಭಾಗಿಸಿದರೆ ಅರ್ಧ. ಅಂದರೆ ವೋಲ್ಟೇಜಿನ ಅರ್ಧ ವಾಪಸ್ ಬರುತ್ತೆ. ಪವರ್‌ಗೆ ಅರ್ಧದ ವರ್ಗ, ಕಾಲು ಭಾಗ. ನೂರು ವಾಟ್ ಹೋದರೆ 25 ವಾಪಸ್, 75 ಲೋಡಿಗೆ. ಬೇರೆ ದಾರಿಯಿಂದ ತಾಳೆ ನೋಡೋಣ: ಲೋಡಿನ ಹತ್ತಿರ ವೋಲ್ಟೇಜ್ ಒಂದೂವರೆ, ಕರೆಂಟ್ ಅರ್ಧ. ಗುಣಿಸಿದರೆ ಮುಕ್ಕಾಲು. ಅದೇ 75. ಲೈನಿನಲ್ಲಿ ಹಿಂದಕ್ಕೆ ಬಂದರೆ ವೋಲ್ಟೇಜ್ ಅರ್ಧಕ್ಕೆ ಇಳಿದ ಜಾಗ ಸಿಗುತ್ತೆ, ಅಲ್ಲಿ ಕರೆಂಟ್ ಒಂದೂವರೆ. ಮತ್ತೆ ಮುಕ್ಕಾಲು! ಎಲ್ಲಿ ನಿಂತು ಅಳೆದರೂ ಮುಂದಕ್ಕೆ ಸಾಗೋ ಪವರ್ ಒಂದೇ.

ಹಾಗಾಗಿ ಅಲೆಗಳು ಬೆರೆಯೋದರಿಂದ ಪವರ್ ಹುಟ್ಟೋದೂ ಇಲ್ಲ, ಸಾಯೋದೂ ಇಲ್ಲ. ಲೋಡಿಗೆ ಹೋಗಬೇಕು, ಇಲ್ಲಾ ತಂತಿಯಲ್ಲಿ ಬಿಸಿಯಾಗಿ ಹೋಗಬೇಕು, ಇಲ್ಲಾ ಬಂದ ದಾರಿಯಲ್ಲಿ ವಾಪಸ್ ಹೋಗಬೇಕು. ಆದರೆ ಇನ್ಸುಲೇಷನ್ನಿಗೆ ಈ ಸಮಾಧಾನದಿಂದ ಪ್ರಯೋಜನ ಇಲ್ಲ. ಅದನ್ನ ಸೀಳೋದು ವೋಲ್ಟೇಜ್. ತೆರೆದ ತುದಿಯಲ್ಲಿ ಇಳಿಯೋ ಪವರ್ ಸೊನ್ನೆ ಇದ್ದರೂ ಎರಡರಷ್ಟು ವೋಲ್ಟೇಜ್ ಮೊದಲು ಕಾಯಿಲ್ಲಿನ ಇನ್ಸುಲೇಷನ್ ಒಡೆಯುತ್ತೆ. ಒಡೆದ ಬಿರುಕಿನಲ್ಲಿ ಲೈನಿನ ಮಾಮೂಲಿ ಕರೆಂಟೇ ನುಗ್ಗಿ ಸುಟ್ಟುಹಾಕುತ್ತೆ. ತಾತನ ಮೋಟರು ಸುಟ್ಟದ್ದು ಹೀಗೆ.

ನೀರಿನಲ್ಲೂ ಇದೇ ಆಟ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿ ಗೊತ್ತಲ್ಲ, ಟಿ.ಕೆ. ಹಳ್ಳಿ? ಬೆಂಗಳೂರಿಗೆ ಕಾವೇರಿ ನೀರು ಎತ್ತೋದು ಅಲ್ಲಿಂದ. ಅಂಥ ಉದ್ದದ ಪೈಪಿನಲ್ಲಿ ನೀರು ಓಡುವಾಗ ಪಂಪು ದಿಢೀರ್ ನಿಂತರೆ ಒತ್ತಡದ ಅಲೆ ಪೈಪಿನುದ್ದಕ್ಕೂ ಓಡಿ, ತುದಿಗೆ ಬಡಿದು ವಾಪಸ್ ಬರುತ್ತೆ. ಇದಕ್ಕೆ ವಾಟರ್ ಹ್ಯಾಮರ್ ಅಂತಾರೆ. ಮನೆಯಲ್ಲಿ ನಲ್ಲಿ ಪಟ್ಟಂತ ತಿರುಗಿಸಿದಾಗ ಗೋಡೆಯೊಳಗೆ ‘ಧಡ್’ ಅಂತ ಕೇಳುತ್ತಲ್ಲ, ಅದು. ರಷ್ಯಾದ ಝುಕೋವ್‌ಸ್ಕಿ 1898ರಲ್ಲಿ ಮಾಸ್ಕೋದ ನೀರಿನ ಪೈಪುಗಳ ಮೇಲೆ ಪ್ರಯೋಗ ಮಾಡಿ ಬರೆದ ಲೆಕ್ಕಕ್ಕೂ ಹೆವಿಸೈಡ್ ಲೆಕ್ಕಕ್ಕೂ ರೂಪ ಒಂದೇ. ಉಕ್ಕಿದ ನೀರು ಒಳಗೆ ಹೋಗಲಿ ಅಂತ ಪೈಪಿನ ಪಕ್ಕ ಒಂದು ಟ್ಯಾಂಕ್ ಇಡೋದೇ ಅಲ್ಲಿನ ಪರಿಹಾರ.

ತಂತಿಗೆ ಅಂಥ ಟ್ಯಾಂಕ್ ಯಾವುದು? ಲೈಟ್ನಿಂಗ್ ಅರೆಸ್ಟರ್. ವೋಲ್ಟೇಜ್ ಮಿತಿ ಮೀರಿದಾಗ ಮಾತ್ರ ಬಾಗಿಲು ತೆಗೆದು ಹೆಚ್ಚಿನದ್ದನ್ನ ಭೂಮಿಗೆ ಇಳಿಸಿ, ಮತ್ತೆ ಮುಚ್ಚಿಕೊಳ್ಳುತ್ತೆ. ಈ ಅಲೆಗಳ ಲೆಕ್ಕವನ್ನ ಇಂಜಿನಿಯರುಗಳ ಕೈಗೆ ಸಿಗೋ ಹಾಗೆ ಮಾಡಿದವರಲ್ಲಿ ಇಬ್ಬರು ಶಿವನಸಮುದ್ರಕ್ಕೆ ಜನರೇಟರ್ ಕಳಿಸಿದ ಅದೇ ಜನರಲ್ ಎಲೆಕ್ಟ್ರಿಕ್ ಕಂಪನಿಯವರು. ಚಾರ್ಲ್ಸ್ ಸ್ಟೈನ್‌ಮೆಟ್ಜ್ 1909ರಲ್ಲಿ ಲೈನಿನ ಕ್ಷಣಿಕ ಅಲೆಗಳ ಬಗ್ಗೆ ದೊಡ್ಡ ಪುಸ್ತಕ ಬರೆದ. ಬ್ಯೂಲಿ ಅನ್ನೋ ಇಂಜಿನಿಯರ್ 1933ರ ಪುಸ್ತಕದಲ್ಲಿ ಅಲೆ ಹೋಗಿ ಬಂದು ಹೋಗಿ ಬರೋದನ್ನ ಅಂಕುಡೊಂಕು ಗೆರೆಯ ಚಿತ್ರವಾಗಿ ಬರೆದು ತೋರಿಸಿದ. ಇವತ್ತಿಗೂ ಕಾಲೇಜಿನಲ್ಲಿ ಅದನ್ನೇ ಬರೆಸ್ತಾರೆ. 1960ರಲ್ಲಿ ಶುರುವಾದ ಬೆಂಗಳೂರಿನ ಸಿಪಿಆರ್‌ಐನಂಥ ಪ್ರಯೋಗಾಲಯಗಳಲ್ಲಿ ಟ್ರಾನ್ಸ್‌ಫಾರ್ಮರಿಗೆ ಕೃತಕ ಸಿಡಿಲು ಹೊಡೆದು ಪರೀಕ್ಷೆ ಮಾಡ್ತಾರೆ. ಆ ಅಲೆ ಶಿಖರಕ್ಕೆ ಏರೋದು 1.2 ಮೈಕ್ರೋಸೆಕೆಂಡಿನಲ್ಲಿ, ಅರ್ಧಕ್ಕೆ ಇಳಿಯೋದು 50ರಲ್ಲಿ.

ಈಗ ಮತ್ತೆ ಕೋಲಾರಕ್ಕೆ ಹೋಗೋಣ. 1902ರಲ್ಲಿ ಲೈನ್ ಮುಗಿದ ಜಿಲ್ಲೆಯಲ್ಲೇ ನೂರು ವರ್ಷ ಆದಮೇಲೆ ಇನ್ನೊಂದು ಲೈನ್ ಬಂದು ಮುಗಿಯಿತು. ಒಡಿಶಾದ ತಾಲ್ಚೇರಿನಿಂದ ಸುಮಾರು 1,400 ಕಿಲೋಮೀಟರ್. 2003ರಲ್ಲಿ ಶುರುವಾಯಿತು, ಆಗ ಮುಖ್ಯಮಂತ್ರಿ ನಮ್ಮೂರಿನವರೇ ಆದ ಎಸ್.ಎಂ. ಕೃಷ್ಣ. ಇವತ್ತಿನ 50 ಹರ್ಟ್ಸ್ ಕರೆಂಟಿನ ಅಲೆಯ ಉದ್ದ 6,000 ಕಿಲೋಮೀಟರ್, ಅದರ ಕಾಲು ಭಾಗ 1,500. ತಾಲ್ಚೇರ್-ಕೋಲಾರದ ದೂರ ಅದಕ್ಕೆ ತೀರಾ ಹತ್ತಿರ. ಇಷ್ಟುದ್ದ ಮಾಮೂಲಿ ಎಸಿ ಲೈನ್ ಎಳೆದು ಮಧ್ಯೆ ಏನೂ ಹಾಕದೆ ತುದಿ ಖಾಲಿ ಬಿಟ್ಟರೆ, ಕಾಗದದ ಲೆಕ್ಕದಲ್ಲಿ ತುದಿಯ ವೋಲ್ಟೇಜ್ ಹಲವು ಪಟ್ಟು ಏರುತ್ತೆ. 1902ರಲ್ಲಿ ಅರ್ಧ ಪರ್ಸೆಂಟೂ ಇಲ್ಲದ ವಿಷಯ ಇಲ್ಲಿ ಲೈನನ್ನೇ ನುಂಗಿಬಿಡುತ್ತೆ. ಎಸಿ ಲೈನಾದರೆ ನಡುನಡುವೆ ಸ್ಟೇಷನ್ ಕಟ್ಟಿ, ರಿಯಾಕ್ಟರ್ ಹಾಕಿ ಹಿಡಿತದಲ್ಲಿ ಇಡಬೇಕು. ಆದರೆ ತಾಲ್ಚೇರ್-ಕೋಲಾರ ಲೈನ್ ಡಿಸಿ, ಪ್ಲಸ್ ಮೈನಸ್ 500 ಕೆವಿ. ಡಿಸಿ ಏರಿಳಿಯೋದೇ ಇಲ್ಲ, ಹಾಗಾಗಿ ದಿನನಿತ್ಯದ ಓಟದಲ್ಲಿ ಹೋಗಿ ಬರೋ ಅಲೆಯ ಕಾಟವೂ ಇಲ್ಲ. ಡಿಸಿ ಆರಿಸೋಕೆ ಖರ್ಚಿನ ಲೆಕ್ಕ, ಎರಡು ಬೇರೆ ಬೇರೆ ಗ್ರಿಡ್‌ಗಳನ್ನ ಜೋಡಿಸೋ ಅನುಕೂಲ, ಇವೂ ಕಾರಣ.

ಆ ಅನುಕೂಲ ಏನು ಅಂತ 2012ರ ಜುಲೈ 30, 31ರಂದು ದೇಶ ನೋಡಿತು. ಉತ್ತರ ಭಾರತದಲ್ಲಿ ಗ್ರಿಡ್ ಕುಸಿದು ಕೋಟ್ಯಂತರ ಜನ ಕತ್ತಲಲ್ಲಿ ಕೂತರು. ದಕ್ಷಿಣದ ಗ್ರಿಡ್ ಕುಸಿಯಲಿಲ್ಲ, ಯಾಕಂದ್ರೆ ಆಗ ನಮ್ಮ ಗ್ರಿಡ್ ಡಿಸಿ ಕೊಂಡಿಯ ಮೂಲಕ ಮಾತ್ರ ಆ ಕಡೆಗೆ ಸೇರಿತ್ತು. ಎಸಿ ಲೈನಿನಲ್ಲಿ ಇಡೀ ದೇಶದ ಜೊತೆ ಸೇರಿದ್ದು 2013ರ ಡಿಸೆಂಬರ್ 31ರಂದು, ರಾಯಚೂರು-ಸೊಲ್ಲಾಪುರ 765 ಕೆವಿ ಲೈನ್ ಶುರುವಾದಾಗ.

ನಿಮ್ಮ ಕೈಯಲ್ಲಿರೋ ಫೋನಿನಲ್ಲೂ ಇದೇ ಕತೆ ನಡೀತಿದೆ. ಅದರ ಚಿಪ್ಪಿನಿಂದ ಆಂಟೆನಾಗೆ ಹೋಗೋ ದಾರಿ ಕೆಲವೇ ಸೆಂಟಿಮೀಟರ್. ಆದರೆ 2 ಗಿಗಾಹರ್ಟ್ಸ್ ಸಿಗ್ನಲ್ಲಿನ ಅಲೆಯ ಉದ್ದ 15 ಸೆಂಟಿಮೀಟರ್ ಅಷ್ಟೇ. ಆ ಲೆಕ್ಕಕ್ಕೆ ನಿಮ್ಮ ಫೋನಿನೊಳಗಿನ ತಂತಿ ಶಿವನಸಮುದ್ರ-ಕೋಲಾರ ಲೈನಿಗಿಂತ ಉದ್ದ! ನೀವು ಫೋನ್ ಹಿಡಿದ ಕೈ ಆಂಟೆನಾದ ಓಮ್ ಬದಲಾಯಿಸುತ್ತೆ, ಒಂದಷ್ಟು ಪವರ್ ಗಾಳಿಗೆ ಹೋಗದೆ ವಾಪಸ್ ಬರುತ್ತೆ. ಅದನ್ನ ಸರಿದೂಗಿಸೋಕೆ ಈಗಿನ ಎಷ್ಟೋ ಫೋನುಗಳಲ್ಲಿ ಪ್ರತ್ಯೇಕ ಚಿಪ್ಪೇ ಇದೆ.

ಕೊನೆಗೆ ತಾತನ ಪ್ರಶ್ನೆ. ಇದ್ಯಾವ ನ್ಯಾಯ?

ನಾನು ಓದು ಮುಗಿಸಿ ಊರಿಗೆ ಹೋದಾಗ ಹಗ್ಗ ಕಟ್ಟಿ ತೋರಿಸಿದೆ. ತಾತ ಎರಡು ಸಲ ಝಾಡಿಸಿ ನೋಡಿದರು. ಆಮೇಲೆ ಕೇಳಿದರು, “ಟಿಸಿ ಹತ್ರ ಅದೇನೋ ತಡೆಯೋದು ಹಾಕವ್ರಲ್ಲ, ಅದ್ಯಾಕೆ ತಡೀನಿಲ್ಲ?” ಒಳ್ಳೇ ಪ್ರಶ್ನೆ. ಅರೆಸ್ಟರ್ ತನ್ನ ಹತ್ತಿರದ್ದನ್ನ ಮಾತ್ರ ಕಾಯುತ್ತೆ. ಅದು ತಗ್ಗಿಸಿ ಬಿಟ್ಟ ಅಲೆಯೂ ಮುಂದೆ ಓಡಿ ಕೊನೆಯಲ್ಲಿ ಮತ್ತೆ ಎರಡರಷ್ಟಾಗುತ್ತೆ. ಟಿಸಿಯಿಂದ ನಮ್ಮ ಮೋಟರಿಗೆ ಹತ್ತಿರ ಹತ್ತಿರ ಅರ್ಧ ಕಿಲೋಮೀಟರ್. ಅದಕ್ಕೇ ಕೊನೆಯವನಿಗೆ ಅವನದೇ ಕಾವಲು ಬೇಕು. ಸ್ಟಾರ್ಟರ್ ಪಕ್ಕದಲ್ಲೇ ಎಲ್‌ಟಿ ಅರೆಸ್ಟರ್, ಅದಕ್ಕೆ ಚೆನ್ನಾಗಿರೋ ಅರ್ಥಿಂಗ್. ಆ ಬೇಸಿಗೆಯಲ್ಲಿ ಹಾಕಿಸಿದೆವು. ಹೊಸ ಮೋಟರಿಗೆ ಹೋಲಿಸಿದರೆ ಸಣ್ಣ ಖರ್ಚು.

ನಿಮ್ಮ ಮನೆಯ ಪಂಪ್‌ಸೆಟ್ಟೂ ಲೈನಿನ ಕೊನೆಯಲ್ಲಿದ್ದರೆ ಒಬ್ಬ ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ. ಗುಡುಗು ಕೇಳುವ ಮೊದಲೇ, ಮೋಡ ಕಟ್ಟಿದಾಗಲೇ ಮೇನ್ ಆಫ್ ಮಾಡಿ. ಗುಡುಗು ಶುರುವಾದಮೇಲೆ ಸ್ಟಾರ್ಟರ್ ಹತ್ತಿರ ಹೋಗಲೇಬೇಡಿ, ಮೋಟರ್ ಹೋದರೆ ಹೋಗಲಿ.

ನಾಲೆಯ ಕೊನೆಗೆ ನೀರು ತರೋದು ಹೇಗೆ ಅಂತ ಮಾತ್ರ ನಾನು ಓದಿದ್ದರಲ್ಲಿ ಇರಲಿಲ್ಲ. ತಾತ ಇವತ್ತಿಗೂ ಅದನ್ನ ಕೇಳ್ತಾನೇ ಇರ್ತಾರೆ.